ನಾನು ರಿಲೀಸ್ ಆದದ್ದು

ಇನಾಸ್ ಸರ್ ಒಳ್ಳೆಯ ಮನುಷ್ಯ ಎಂದು ಗೋವಾದ ಕುಡಚಡೆಯಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳಿಕೊಳ್ಳಲಿ. ಆ ಮನುಷ್ಯ ಹಾಗೆನ್ನುವವರ ಮನೆಯ ಚಾಪೆಯ ಮೇಲೆ ಕೂತು ರೊಟ್ಟಿ ಉಂಡಿಲ್ಲ, ಅವನ ಮಾತು ನಂಬಿ ಅವರ ಅವ್ವ ಒಲೆಯ ಮೇಲೆ ತತ್ತಿ ಇಟ್ಟಿಲ್ಲ. ನಮ್ಮ ಮನೆಯಲ್ಲಿ ಎರಡೂ ಆದವು. ಮನೆ ಎಂದರೆ ಏನು ಮಹಾ, ಸ್ಟೇಷನ್ನಿನ ಹಿಂದೆ ಸಾಲಾಗಿ ಕಟ್ಟಿದ ಆರು ಖೋಲಿಗಳಲ್ಲಿ ಕಡೆಯದು. ತಲೆಯ ಮೇಲೆ ತಗಡು, ನಡುವೆ ಅವ್ವನ ಹಳೆಯ ಸೀರೆಯ ಪರದೆ. ಪರದೆಯ ಆಚೆ ಒಲೆ, ಈಚೆ ಉಳಿದ ಸಂಸಾರವೆಲ್ಲ. ಅದಿರಿನ ಟ್ರಕ್ಕುಗಳು ಓಡುತ್ತಿದ್ದ ಕಾಲಕ್ಕೆ ಕೆಂಪು ಧೂಳು ಬಾಗಿಲು ಮುಚ್ಚಿದರೂ ಒಳಗೆ ಬರುತ್ತಿತ್ತು. ಅವ್ವ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒರೆಸಿ ಒರೆಸಿ, ಒರೆಸುವ ಅರಿವೆಯೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅಪ್ಪ ಮೊದಲು ಗಣಿಯಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದ. ಗಣಿ ನಿಂತ ಮೇಲೆ ಗವಂಡಿ ಕೆಲಸ ಕಲಿತ. ಅವನ ಕರಣಿಯನ್ನು ಬಾಗಿಲ ಹೊರಗಿನ ಮೊಳೆಗೆ ತೂಗುಹಾಕುತ್ತಿದ್ದ. ಒಳಗೆ ತರುವುದಕ್ಕೆ ಆಯಿ ಬಿಡುತ್ತಿರಲಿಲ್ಲ, ಸಿಮೆಂಟಿನ ಕೈ ದೇವರ ಜಗಲಿಯ ಹತ್ತಿರ ಬರಕೂಡದು ಎಂದು.

ಆಯಿ ಅಂದರೆ ಅಪ್ಪನ ಅವ್ವ. ಇಂಡಿ ಕಡೆಯ ಊರಿನಿಂದ ಅಪ್ಪ ಅವಳನ್ನು ಕರೆದುಕೊಂಡು ಬಂದಾಗ ಅವಳು ತಂದದ್ದು ಎರಡೇ: ಕೊರಳಲ್ಲಿ ಲಿಂಗದ ಕರಡಿಗೆ, ಬಾಯಲ್ಲಿ ಮಾತು. ಮಾತಿಗೇನು ಕಡಿಮೆ ಇರಲಿಲ್ಲ. ಖೋಲಿಯ ಮೂಡಣ ಮೂಲೆಯನ್ನು ಅವಳು ಬಂದ ದಿನವೇ ತನ್ನದು ಮಾಡಿಕೊಂಡಳು. ಅಲ್ಲಿ ಜಗಲಿ, ವಿಭೂತಿ ಗಟ್ಟಿ, ಒಂದು ತಂಬಿಗೆ. ಅವಳ ಪೂಜೆ ಮುಗಿಯುವ ತನಕ ಯಾರೂ ಚಹಾ ಕುಡಿಯುವಂತಿಲ್ಲ. ಅಕ್ಕಪಕ್ಕದ ಖೋಲಿಗಳಲ್ಲಿ ಮೀನು ಹುರಿಯುವ ವಾಸನೆ ಬಂದರೆ ಸಾಕು, ಸೆರಗು ಮೂಗಿಗೆ ಹಿಡಿದು, ಗೋವಾಕ್ಕೆ ಬಂದ ತನ್ನ ಹಣೆಬರಹವನ್ನು ಓಣಿಗೆಲ್ಲ ಕೇಳುವಂತೆ ಬಯ್ಯುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದೆ. ನಿದ್ದೆಯಲ್ಲೂ ಕಾಲು ಝಾಡಿಸುತ್ತೇನೆಂದು ನನ್ನ ಎರಡು ಕಾಲನ್ನೂ ತನ್ನ ತೊಡೆಯ ಕೆಳಗೆ ಒತ್ತಿಕೊಂಡು ಮಲಗುತ್ತಿದ್ದಳು.

ಕಾಲು ಝಾಡಿಸುವುದಕ್ಕೆ ಕಾರಣವಿತ್ತು. ರೈಲು ಹಳಿ ದಾಟಿದರೆ ಭತ್ತದ ಗದ್ದೆಗಳು. ಕೊಯ್ಲು ಮುಗಿದು ಕೂಳೆ ಒಣಗಿದ ಮೇಲೆ ಇಡೀ ಊರಿನ ಹುಡುಗರಿಗೆ ಅದೇ ಮೈದಾನ. ಗೋವಾದಲ್ಲಿ ಯಾರೂ ಫುಟ್‌ಬಾಲ್ ಕಲಿಸುವುದಿಲ್ಲ, ಎಲ್ಲರೂ ಆಡುತ್ತಿರುತ್ತಾರೆ, ನೀನೂ ಹೋಗಿ ನಿಲ್ಲುವುದು, ಅಷ್ಟೇ. ನಾನು ನಿಂತೆ. ನನ್ನ ಕ್ಲಾಸಿನ ಹುಡುಗರು ಮೊದಲು ನಕ್ಕರು, ಆಮೇಲೆ ತಂಡ ಮಾಡುವಾಗ ನನ್ನ ಹೆಸರನ್ನೇ ಮೊದಲು ಕೂಗತೊಡಗಿದರು. ಒಂದು ಸಂಜೆ ಗದ್ದೆಯ ಬದುವಿನ ಮೇಲೆ ಸ್ಕೂಟರ್ ನಿಲ್ಲಿಸಿ, ಬಿಳಿ ಟೋಪಿ ಹಾಕಿದ ಒಬ್ಬರು ಸುಮ್ಮನೆ ನೋಡುತ್ತ ನಿಂತಿದ್ದರು. ಆಟ ಮುಗಿದ ಮೇಲೆ ನನ್ನೊಬ್ಬಳನ್ನೇ ಕರೆದರು. ದೊಡ್ಡ ಕ್ಲಬ್ಬಿನ ಕೋಚ್, ಹೆಸರು ಇನಾಸ್. ನಾನು ಹೊಡೆದ ಗೋಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಟ್ರಕ್ ಡ್ರೈವರುಗಳಿಂದ ಕಲಿತ ಕನ್ನಡದಲ್ಲಿ ಹೇಳಿದರು:

"ಚೆಂಡು ಇದ್ದಾಗ ಎಲ್ಲಾರೂ ಓಡ್ತಾರ. ಕಳಕೊಂಡ ಮ್ಯಾಗ ಯಾರು ಓಡ್ತಾರ, ನಾ ಅದು ನೋಡ್ತೇನ. ನೀ ಓಡಿದಿ. ಮನಿ ಎಲ್ಲಿ?"

ಅವರನ್ನು ಮನೆಗೆ ಕರೆದುಕೊಂಡು ಹೋದೆ. ಜೀವನದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಯಾವುದು ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಅಪ್ಪ ಕೈಕಾಲು ತೊಳೆಯುತ್ತಿದ್ದ. ಟೋಪಿಯ ಮನುಷ್ಯ ಮಗಳ ಹಿಂದೆ ಬಂದದ್ದು ಕಂಡು ಏನೋ ರಾದ್ಧಾಂತ ಮಾಡಿಕೊಂಡು ಬಂದಿದ್ದೇನೆ ಎಂದೇ ತಿಳಿದ. ಸರ್ ಬೂಟು ಬಿಚ್ಚಿ ಒಳಗೆ ಬಂದು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ನಮ್ಮ ಖೋಲಿಗೆ ಬಂದ ಗೋವಾದ ಮಂದಿಯಲ್ಲಿ ಹಾಗೆ ಕೂತವರು ಅವರೊಬ್ಬರೇ. ಬಾಡಿಗೆ ಕೇಳಲು ಬರುವ ಮನೆ ಮಾಲೀಕಳು ಹೊಸ್ತಿಲ ಹೊರಗೇ ನಿಲ್ಲುತ್ತಿದ್ದಳು. ಅಪ್ಪನಿಗೆ ಅಲ್ಲೇ ಎದೆ ಕರಗಿತು, ನಾನು ಕಣ್ಣಾರೆ ನೋಡಿದೆ.

"ಹುಡುಗೇರ ಟೀಮ್ ಮಾಡಾಕತ್ತೇವಿ," ಅಂದರು ಸರ್. "ನಿಮ್ಮ ಪೋರಿಗೆ ಆಟ ಐತಿ. ನಾಕು ವರ್ಷ ನನ್ನ ಕೈಯಾಗ ಕೊಡ್ರಿ. ಆಮ್ಯಾಲ ಕ್ಲಬ್ಬಿನ ಹಾಸ್ಟೆಲ್, ಕ್ಲಬ್ಬಿನ ಸಾಲಿ. ಎಲ್ಲಾ ಅವರದ."

"ಹೆಣ್ಣ ಹುಡುಗಿ ಅರ್ಧ ಚಡ್ಡಿ ಹಾಕ್ಕೊಂಡು ಮಂದಿ ಮುಂದ ಕುಣಿಯೂದಾ?" ಪರದೆಯ ಆಚೆಯಿಂದ ಆಯಿ.

"ಆಯಿ, ಮೊಣಕಾಲ ತನಕಾ ಕಾಲಚೀಲ ಇರ್ತಾವ್ರಿ," ಅಂದರು ಸರ್, ಬಹಳ ಗಂಭೀರವಾಗಿ. ಅಪ್ಪ ನಗು ತಡೆಯಲಾರದೆ ಕೆಮ್ಮಿದ.

ಹೋಗುವಾಗ ಸರ್ ಒಂದು ಹಾಳೆ ಕೊಟ್ಟರು. ಆಟಗಾರರು ಏನು ತಿನ್ನಬೇಕು ಎಂಬ ಪಟ್ಟಿ. ಹಾಲು, ಬಾಳೆಹಣ್ಣು, ಕಾಳು, ಇವೆಲ್ಲ ಸರಿ. ಮೊದಲನೆಯ ಸಾಲಿನಲ್ಲೇ ದಿನಕ್ಕೆ ಎರಡು ತತ್ತಿ ಎಂದಿತ್ತು. ನಾನು ಅದನ್ನು ಓದಿ ಹೇಳಿದಾಗ ಆಯಿ ಸೆರಗು ಮೂಗಿಗೆ ಹಿಡಿದಳು. ನಮ್ಮ ಮನೆಯಲ್ಲಿ ತತ್ತಿ ಎಂಬ ಮಾತನ್ನೇ ಆಡುತ್ತಿರಲಿಲ್ಲ. ಎರಡು ದಿನ ಬಿಟ್ಟು ಸರ್ ಮತ್ತೆ ಬಂದಾಗ ಅವ್ವನೇ ಪರದೆ ಸರಿಸಿ ಹೊರಗೆ ಬಂದು ಕೇಳಿದಳು:

"ಅದನ್ನ ತಿನ್ನದಿದ್ರ ನಡಿಯಂಗಿಲ್ಲೇನ್ರಿ?"

"ಬಾಕಿ ಹುಡುಗೇರು ಮೀನು ತಿಂತಾರ, ಕೋಳಿ ತಿಂತಾರ ಅಕ್ಕಾ. ಈಕಿ ಹಿಂದ ಬೀಳ್ತಾಳ. ಭಾರ ನನ್ನ ಮ್ಯಾಗ ಇಡ್ರಿ. ನಾ ಇದ್ದೇನಲ್ಲಾ?"

ಅವ್ವ ಸರ್ ಮೇಲೆ ಭಾರ ಇಟ್ಟಳು. ಖೋಲಿಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮೂರು ಇಟ್ಟಿಗೆಯ ಬೇರೆ ಒಲೆ ಹೂಡಿದಳು. ಹಾಲಿನ ಪುಡಿಯ ಹಳೆಯ ಡಬ್ಬಿಯೊಂದು ಅದರ ಪಾತ್ರೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಮುಖ ಆ ಕಡೆ ತಿರುಗಿಸಿ, ಚೇಳು ಹಿಡಿದವಳ ಹಾಗೆ ತತ್ತಿ ನೀರಿಗೆ ಬಿಡುತ್ತಿದ್ದಳು. ಎಷ್ಟು ಹೊತ್ತು ಬೇಯಿಸಬೇಕೆಂದು ಯಾರನ್ನು ಕೇಳಬೇಕು? ಮೊದಲ ವಾರ ಅರ್ಧ ತಾಸು ಕುದಿಸಿ, ರಬ್ಬರ್ ಚೆಂಡಿನಂತಾದ ತತ್ತಿ ಕೊಟ್ಟಳು. ನಾನು ಮೂಗು ಮುಚ್ಚಿಕೊಂಡು ನುಂಗಿದೆ, ಸಿಪ್ಪೆಯನ್ನು ಹಳಿಯ ಆಚೆ ಎಸೆದು ಬಂದೆ, ಬಾಯಿ ಮುಕ್ಕಳಿಸಿದೆ, ತಲೆಯ ಮೇಲೆ ನೀರು ಹಾಕಿಕೊಂಡೆ, ಆಮೇಲೆ ಒಳಗೆ ಬಂದೆ. ಇದು ದಿನಾ ಬೆಳಿಗ್ಗೆಯ ಶಾಸ್ತ್ರವಾಯಿತು. ಆಯಿ ತಿಂಗಳುಗಟ್ಟಲೆ ಅವ್ವನ ಕೈಯ ನೀರು ಮುಟ್ಟಲಿಲ್ಲ. ತಾನೇ ರೊಟ್ಟಿ ಬಡಿದುಕೊಂಡು ತಾನೇ ಉಂಡಳು. ಅತ್ತೆ ಸೊಸೆಯರ ನಡುವೆ ಮಾತು ಬಂದಾಗೆಲ್ಲ ನಡುವೆ ನಾನು ನಿಂತು, ಆಯಿ ಹೀಂಗಂತಾಳ, ಅವ್ವ ಹಾಂಗಂತಾಳ ಎಂದು ಟಪಾಲು ಹೊರುತ್ತಿದ್ದೆ. ಒಂದು ದಿನ ಪ್ರ್ಯಾಕ್ಟೀಸಿನಿಂದ ಬಂದು ಹೊಸ್ತಿಲಲ್ಲೇ ಕಾಲು ಹಿಡಿದುಕೊಂಡು ಅಳುತ್ತ ಕೂತೆ. ಮೀನಖಂಡ ಕಲ್ಲಾಗಿ ಹಿಡಿದುಕೊಂಡಿತ್ತು. ಆಯಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತ, ಮುಖ ಸಿಂಡರಿಸಿಕೊಂಡು ಕೇಳಿದಳು:

"ಇವತ್ತ ನಿನ್ನ ಔಷಧ ತಗೊಂಡಿಲ್ಲೇನ?"

ಅಂದಿನಿಂದ ತತ್ತಿಗೆ ಔಷಧ ಎಂದೇ ಹೆಸರಾಯಿತು. ಆಯಿ ಅವ್ವನ ಕೈಯ ನೀರನ್ನೂ ಕುಡಿದಳು. ಎಷ್ಟು ದೊಡ್ಡದನ್ನು ಬಿಟ್ಟುಕೊಟ್ಟಳು ಎಂಬುದು ನನಗೆ ಆಗ ತಿಳಿಯಲಿಲ್ಲ.

ಕ್ಲಬ್ಬಿನ ಮೈದಾನಕ್ಕೆ ಬಸ್ಸಿನಲ್ಲಿ ಹೋಗಬೇಕಿತ್ತು. ಇಪ್ಪತ್ತು ಜನ ಹುಡುಗಿಯರು. ದೂರದ ಕಾಣಕೋಣದಿಂದ ಬರುವವರೂ ಇದ್ದರು. ಹಸಿರು ಹುಲ್ಲಿನ ಮೇಲೆ ಮೊದಲ ದಿನ ಕಾಲಿಟ್ಟಾಗ ನನಗೆ ತುಳಿಯಲು ಮನಸ್ಸೇ ಬರಲಿಲ್ಲ, ಜಮಖಾನೆಯ ಮೇಲೆ ಬೂಟು ಹಾಕಿಕೊಂಡು ನಿಂತ ಹಾಗಾಯಿತು. ಇನಾಸ್ ಸರ್ ಕಲಿಸಲು ಗಟ್ಟಿಗರು, ಅದನ್ನು ಇಲ್ಲವೆನ್ನಲಾರೆ. ನನ್ನ ಎಡಗಾಲು ಬರೀ ಊರುಗೋಲು ಎಂದು ಬಯ್ಯುತ್ತಿದ್ದರು. ಮೂರು ತಿಂಗಳು ಎಡಗಾಲಿಗೆ ಮಾತ್ರ ಸ್ಟಡ್ ಬೂಟು, ಬಲಗಾಲು ಬರಿಗಾಲು. ಬಲಗಾಲಲ್ಲಿ ಒದ್ದರೆ ಬೆರಳು ಕಿತ್ತುಹೋಗುವ ನೋವು, ಹಾಗಾಗಿ ಎಡಗಾಲು ತಾನಾಗಿ ಕಲಿಯಿತು. "ದಾವೊ ಪಾಯ್, ನೀಲಾ, ದಾವೊ ಪಾಯ್!" ಎಂದು ಮೈದಾನದ ಆ ತುದಿಯಿಂದ ಕೂಗುತ್ತಿದ್ದರು, ಎಡಗಾಲು, ಎಡಗಾಲು. ಮನೆಗೆ ಬಂದು ಖೋಲಿಯ ಗೋಡೆಗೆ ಅರಿವೆಯ ಉಂಡೆ ಒದೆಯುತ್ತಿದ್ದೆ. ಒಮ್ಮೆ ಅದು ಗುರಿ ತಪ್ಪಿ ಆಯಿಯ ವಿಭೂತಿ ಗಟ್ಟಿ ಉರುಳಿ ಎರಡು ಹೋಳಾಯಿತು. ಅಪ್ಪ ಹೊಡೆಯಲು ಎದ್ದವನು ಯಾವ ಕಾಲಿನಿಂದ ಒದ್ದೆ ಎಂದು ಕೇಳಿದ. ಎಡಗಾಲು ಎಂದೆ. ಕೈ ಇಳಿಸಿದ. ತಿಂಗಳಿಗೊಮ್ಮೆ ಸರ್ ಮನೆಗೆ ಬಂದು ಜೋಳದ ರೊಟ್ಟಿ, ಶೇಂಗಾ ಹಿಂಡಿ ಉಂಡು ಹೋಗುತ್ತಿದ್ದರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ರೊಟ್ಟಿ ಕೇಳುತ್ತಿದ್ದರು. ಅಪ್ಪ ಅವರಿಗೆಂದೇ ಒಂದು ಸ್ಟೀಲ್ ತಾಟು ಕೊಂಡು ತಂದಿದ್ದ.

ನಾಲ್ಕನೆಯ ವರ್ಷ ಒಂದು ಸೋಮವಾರ ನಮಗೆಲ್ಲ ಹೊಸ ಕಿಟ್ ಕೊಟ್ಟರು. ಬೆನ್ನ ಮೇಲೆ ಹೆಸರು ಬರೆದಿದ್ದ ಜೆರ್ಸಿ, ಹೊಸ ಸ್ಟಡ್, ಚೀಲ. ಎಲ್ಲಿಂದಲೋ ಬಂದ ಮೂವರು ಕುರ್ಚಿ ಹಾಕಿಸಿಕೊಂಡು ಕೂತು, ಹಾಳೆಯಲ್ಲಿದ್ದ ಹೆಸರು ಕೂಗಿ ನಮ್ಮ ಮುಖ ನೋಡಿದರು, ಫೋಟೋ ತೆಗೆದರು, ಮಜ್ಜಿಗೆ ಕುಡಿದು ಹೋದರು. ಸಂಜೆ ಕಿಟ್ಟನ್ನೆಲ್ಲ ತಿರುಗಿ ತೆಗೆದುಕೊಂಡರು, ಲಾಂಡ್ರಿಗೆ ಎಂದು. ಅದು ಲಾಂಡ್ರಿಯಿಂದ ಬರಲೇ ಇಲ್ಲ. ವಾರಕ್ಕೆ ಐದು ದಿನ ಇದ್ದ ಪ್ರ್ಯಾಕ್ಟೀಸ್ ಎರಡು ದಿನವಾಯಿತು. ಆ ಎರಡು ದಿನವೂ ಹುಲ್ಲಿನ ಮೈದಾನ ಹುಡುಗರಿಗೆ, ನಮಗೆ ಪಾರ್ಕಿಂಗ್ ಪಕ್ಕದ ಮಣ್ಣು. ಯಾಕೆ ಸರ್ ಎಂದರೆ "ಈ ಸೀಜನ್ ಮುಗೀಲಿ" ಎನ್ನುತ್ತಿದ್ದರು. ನಮ್ಮ ಮನೆಗೆ ಬರುವುದನ್ನೂ ನಿಲ್ಲಿಸಿದರು. ಅಪ್ಪ ಅವರ ತಾಟಿನಲ್ಲಿ ಬೇರೆ ಯಾರಿಗೂ ಬಡಿಸಗೊಡಲಿಲ್ಲ.

ಆಮೇಲೆ ಕ್ಲಬ್ಬಿನ ಕಾಗದ ಬಂತು. ಮನೆಯಲ್ಲಿ ಇಂಗ್ಲಿಷ್ ಓದುವವಳು ನಾನೊಬ್ಬಳೇ, ಲೈಟ್ ಬಿಲ್ಲಿನಿಂದ ಹಿಡಿದು ಆಸ್ಪತ್ರೆಯ ಚೀಟಿಯ ತನಕ ಎಲ್ಲ ನನ್ನ ಕೈಗೇ ಬರುತ್ತಿತ್ತು. ಅಪ್ಪ, ಅವ್ವ, ಆಯಿ ಮೂವರೂ ಸುತ್ತ ಕೂತರು. ಅಪ್ಪ ಲಕೋಟೆ ಒಡೆಯುವ ಮುಂಚೆ ಅದನ್ನು ಜಗಲಿಗೆ ಮುಟ್ಟಿಸಿ ಕೊಟ್ಟ. ನಾನು ಇಂಗ್ಲಿಷಿನಲ್ಲಿ ಒಂದೊಂದೇ ಪದ ಗಟ್ಟಿಯಾಗಿ ಓದುತ್ತ ಹೋದೆ. ನನ್ನ ಹೆಸರು, ನನ್ನ ಶ್ರಮಕ್ಕೆ ಧನ್ಯವಾದ, ಇಂಥ ತಾರೀಖಿನಿಂದ ಕ್ಲಬ್ಬು ನನ್ನನ್ನು ರಿಲೀಸ್ ಮಾಡುತ್ತಿದೆ. ಕ್ಲಬ್ಬಿನಲ್ಲಿ ಆ ಪದಕ್ಕೆ ಏನು ಅರ್ಥ ಎಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಇಬ್ಬರು ಹುಡುಗರಿಗೆ ಅದೇ ಪದ ಬಂದಿತ್ತು, ಅವರು ಗೇಟಿನ ಹೊರಗೆ ಕೂತು ಅತ್ತಿದ್ದರು. ಮುಂದಿನ ಸಾಲು ಓದಲಾಗದೆ ನಿಂತೆ. ಅಪ್ಪ ನನ್ನ ಭುಜ ಹಿಡಿದ.

"ರಿಲೀಸ್? ರಿಲೀಸ್ ಅಂತ ಬರದಾರೇನ?"

"ಹೂಂ."

"ಯವ್ವಾ!" ಎಂದು ಅಪ್ಪ ಎದ್ದು ನಿಂತ. ತಲೆ ತಗಡಿಗೆ ಬಡಿಯಿತು, ಅದರ ಪರಿವೆಯೇ ಇಲ್ಲ. "ಪಿಚ್ಚರ್ ರಿಲೀಸ್ ಆದಂಗ! ನಾಕು ವರ್ಷ ಒಳಗಿಂದೊಳಗ ತಯಾರ ಮಾಡಿದ್ರು, ಈಗ ಹೊರಗ ಬಿಡಾಕತ್ತಾರ! ನಾಡಿನ ಮಂದೀಗೆಲ್ಲಾ ತೋರಸ್ತಾರ! ಲೇ, ಕೇಳಿದೇನ, ನಿನ್ನ ಮಗಳು ರಿಲೀಸ್ ಆದ್ಳು!"

ಅವ್ವ ನನ್ನ ಕೆನ್ನೆ ಹಿಡಿದು ನೆಟಿಗೆ ಮುರಿದಳು. ಅವಳ ಕಣ್ಣಲ್ಲಿ ನೀರು. ಆಯಿ ವಿಭೂತಿ ತಂದು ನನ್ನ ಹಣೆಗೆ ಹಚ್ಚಿ, ಆಮೇಲೆ ಬಗ್ಗಿ ನನ್ನ ಎಡಗಾಲಿನ ಹೆಬ್ಬೆರಳಿಗೂ ಒಂದಿಷ್ಟು ಹಚ್ಚಿದಳು. ಆಗ ನಾನು ಹೇಳಬೇಕಿತ್ತು. ಒಂದೇ ಮಾತು, ಅಪ್ಪಾ, ಅದು ಹಂಗಲ್ಲ. ಬಾಯಿ ಬರಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಹೇಗೆ ಬಂದೀತು ಎಂದು ಈಗ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ, ಆದರೆ ಖರೇ ಹೇಳಬೇಕೆಂದರೆ ಆ ಒಂದು ಗಳಿಗೆ ನನಗೂ ಅಪ್ಪನ ಅರ್ಥವೇ ಇರಲಿ ಅನ್ನಿಸಿತ್ತು. ನಾನು ಕಾಗದ ಮಡಚಿದೆ. ಅಪ್ಪ ಚಪ್ಪಲಿಯನ್ನೂ ಮೆಟ್ಟದೆ ಪೇಟೆಗೆ ಓಡಿ ಪೇಡೆಯ ಡಬ್ಬಿ ತಂದು ಆರೂ ಖೋಲಿಗೆ ಹಂಚಿದ. ಎಲ್ಲರೂ ನಮ್ಮ ಕಡೆಯವರೇ, ಎಲ್ಲರಿಗೂ ರಿಲೀಸ್ ಎಂದರೆ ಅದೇ ಅರ್ಥ. ಒಬ್ಬರಾದರೂ ಸಂಶಯ ಪಡಬಾರದಿತ್ತೇ?

ಒಂದು ಡಬ್ಬಿ ಸರ್‌ಗೆಂದು ಎತ್ತಿಟ್ಟಿದ್ದ. ಮರುದಿನ ಕೆಲಸ ಬಿಟ್ಟು, ಇಸ್ತ್ರಿ ಅಂಗಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಮೈದಾನಕ್ಕೆ ಹೊರಟ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ನನಗೋ ಒಂದೇ ಆಸೆ: ಸರ್ ಹೇಳಿಬಿಡಲಿ. ನಾನು ಹೇಳಲಾರದ್ದನ್ನು ಅವರು ಹೇಳಲಿ, ಅದು ಅವರ ಕೆಲಸ. ಸರ್ ಪ್ರ್ಯಾಕ್ಟೀಸಿನ ಪ್ಲಾಸ್ಟಿಕ್ ಕೋನುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಅಪ್ಪ ಎರಡೂ ಕೈಯಿಂದ ಡಬ್ಬಿ ಮುಂದೆ ಹಿಡಿದ.

"ಸರ್, ನೀವು ನಡಸಿಕೊಟ್ರಿ. ನಮ್ಮ ಹುಡುಗಿ ರಿಲೀಸ್ ಆದ್ಳು. ಬಾಯಿ ಸಿಹಿ ಮಾಡಿಕೋರಿ."

ಸರ್ ಡಬ್ಬಿ ನೋಡಿದರು, ಅಪ್ಪನ ಮುಖ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಗೆ ಎಲ್ಲ ತಿಳಿಯಿತು. ಕೈ ಚಾಚಿ ಒಂದು ಪೇಡೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು.

"ಬರೆಂ," ಅಂದರು ಅಗಿಯುತ್ತ. "ಭಾಳ ಚಲೋ."

ಅಪ್ಪ ಉಳಿದ ಕೋಚುಗಳಿಗೆ ಹಂಚಲು ಆ ಕಡೆ ಹೋದ. ನಾನು ಸರ್ ಎದುರು ನಿಂತೆ.

"ನಾ ಏನ್ ತಪ್ಪ ಮಾಡಿದ್ನಿ ಸರ್?"

"ನಿಂದೇನು ತಪ್ಪಿಲ್ಲ, ಪೋರಿ. ಕ್ಲಬ್ಬಿಗೆ ದೊಡ್ಡ ಲೀಗ್ ಆಡಾಕ ಲೈಸೆನ್ಸ್ ಬೇಕಿತ್ತು. ಹುಡುಗೇರ ಟೀಮ್ ತೋರಸಬೇಕಿತ್ತು, ಇಪ್ಪತ್ತು ಹೆಸರು. ಅವತ್ತ ಬಂದ ಮೂರು ಮಂದೀಗೆ ತೋರಿಸಿದ್ವಿ. ಸಿಕ್ತು. ಈಗ ಖರ್ಚು ಯಾಕ ಅಂತಾರ."

"ಹಾಸ್ಟೆಲ್?"

"ಹುಡುಗೇರಿಗೆ ಹಾಸ್ಟೆಲ್ ಇರಲೇ ಇಲ್ಲ."

"ನಮ್ಮ ಮನಿಗೆ ಬಂದಾಗ ನಿಮಗ ಗೊತ್ತಿತ್ತೇನು?"

ಅವರು ಬಗ್ಗಿ ಇನ್ನೊಂದು ಕೋನ್ ಎತ್ತಿಕೊಂಡರು. "ಅಪ್ಪಗ ನೀನ ಹೇಳು," ಅಂದರು. "ನಿನ್ನ ಬಾಯಿಂದ ಕೇಳಿದ್ರ ಚಲೋ."

ಅಷ್ಟರಲ್ಲಿ ಅಪ್ಪ ತಿರುಗಿ ಬಂದು ಡಬ್ಬಿಯಲ್ಲಿ ಉಳಿದಿದ್ದ ಕಡೆಯ ಪೇಡೆಯನ್ನು ಒತ್ತಾಯ ಮಾಡಿ ಅವರ ಕೈಗಿಟ್ಟ. ಅದನ್ನೂ ತಿಂದರು. ನನಗೆ ಅವರ ಮೇಲಿದ್ದ ನಂಬಿಕೆಯೆಲ್ಲ ಆ ಎರಡನೆಯ ಪೇಡೆಯ ಜೊತೆ ಹೋಯಿತು. ಮೊದಲನೆಯದನ್ನು ದಾಕ್ಷಿಣ್ಯಕ್ಕೆ ತಿಂದರು ಎಂದು ಇಟ್ಟುಕೊಳ್ಳೋಣ. ಎರಡನೆಯದಕ್ಕೆ ಏನೆನ್ನುವುದು?

ನಾನು ಅಂದೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಅಪ್ಪ ಹಾಸ್ಟೆಲಿಗೆಂದು ತಗಡಿನ ಟ್ರಂಕ್ ತಂದು ಹಸಿರು ಬಣ್ಣ ಬಳಿದ. ಅವ್ವ ಅದರಲ್ಲಿ ಒಂದು ಡಬ್ಬಿ ಶೇಂಗಾ ಹಿಂಡಿ ಇಟ್ಟಳು, ವಾರ ಕಳೆದ ಮೇಲೆ ಅದನ್ನು ತೆಗೆದು ಹೊಸದಾಗಿ ಕುಟ್ಟಿ ಇಟ್ಟಳು. ಬೆಳಿಗ್ಗೆಯ ತತ್ತಿ ನಿಲ್ಲಲಿಲ್ಲ. ಯಾವಾಗ ಕರೆಯುತ್ತಾರೆ ಎಂದು ಓಣಿಯವರು ಕೇಳಿದರೆ ದೊಡ್ಡ ಪಿಚ್ಚರಿಗೆ ತಡ ಆಗುತ್ತದೆ ಎಂದು ಅಪ್ಪ ನಗುತ್ತಿದ್ದ. ಮೂರನೆಯ ವಾರ ಅವನು ಸರ್‌ಗೆ ಫೋನ್ ಮಾಡಿದ, ಅವರು ಎತ್ತಲಿಲ್ಲ. ಮತ್ತೆ ಮಾಡಿದ. ಭಾನುವಾರ ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ, ಅವನು ಹೊಸ್ತಿಲಲ್ಲಿ ಫೋನ್ ಹಿಡಿದು ಕೂತಿದ್ದ. ಏಳನೆಯ ಸಲವೋ ಎಂಟನೆಯ ಸಲವೋ ಅದು ಕಿವಿಗೆ ಹೋದಾಗ ನನಗೆ ತಡೆಯಲಾಗಲಿಲ್ಲ.

"ಮಾಡಬ್ಯಾಡ ಅಪ್ಪಾ. ರಿಲೀಸ್ ಅಂದ್ರ ತಗದ ಹಾಕೂದು. ನನ್ನ ತಗದ ಹಾಕ್ಯಾರ."

ಅಪ್ಪ ಫೋನನ್ನು ಕಿವಿಯಿಂದ ಇಳಿಸಿದ. ಒಲೆಯ ಮೇಲಿನ ರೊಟ್ಟಿ ಸೀದಿತು.

"ಪೇಡೆ ತಿಂದ್ರಲ್ಲಾ ಅವರು?" ಅಂದ.

"ತಿಂದ್ರು."

"ಗೊತ್ತಿದ್ದ ತಿಂದ್ರು?"

"ಹೂಂ."

"ನಿನಗ ಯಾವಾಗ ಗೊತ್ತಾತು?"

"ಕಾಗದ ಓದಿದಾಗ."

ಬಯ್ಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಎಷ್ಟೋ ಚಲೋ ಇತ್ತು. ಅಪ್ಪ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ನನ್ನ ಮುಖ ನೋಡದೆ ಹೇಳಿದ:

"ಆಂವ ಹೊರಗಿನಾಂವ, ಬಿಡು. ನೀ ಮನ್ಯಾಕಿ ಅಲ್ಲೇನವ್ವಾ?"

ಅಷ್ಟೇ. ಅದರ ಮೇಲೆ ಆ ವಿಷಯವಾಗಿ ಒಂದು ಮಾತೂ ಆಡಲಿಲ್ಲ, ನನ್ನ ಮದುವೆಯ ದಿನದ ತನಕವೂ ಆಡಲಿಲ್ಲ. ಆದರೆ ಮುಂದಿನ ತಿಂಗಳು ಲೈಟ್ ಬಿಲ್ಲು ಬಂದಾಗ ನಾನು ಎಂದಿನ ಹಾಗೆ ಕೈ ಚಾಚಿದೆ. ಅಪ್ಪ ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಚಪ್ಪಲಿ ಮೆಟ್ಟಿ, ಸ್ಟೇಷನ್ ಎದುರಿನ ಜೆರಾಕ್ಸ್ ಅಂಗಡಿಯವನಿಂದ ಓದಿಸಿಕೊಂಡು ಬರಲು ಹೋದ.